ಮೊಳೆ ಹೊಡೀಬಾರ್ದು, ಬೋರ್ಡ್ ಹೊಡೀಬಹುದು

ಮೈಸೂರಲ್ಲಿ ಹಳೇ ಕಟ್ಟಡ ಬೀಳಿಸೋಕೆ ಜೆಸಿಬಿ ಏನೂ ಬೇಕಾಗಿಲ್ಲ ಕಣ್ರೀ, ಪಾರಂಪರಿಕ ಕಟ್ಟಡ ಅಂತ ಘೋಷಣೆ ಮಾಡಿದ್ರೆ ಸಾಕು, ಮಿಕ್ಕಿದ್ದನ್ನ ಮಳೆ ನೋಡ್ಕೊಳುತ್ತೆ.

ನಮ್ಮ ಬೀದಿ ಗರಡಿ ಮನೆನೇ ತಗೊಳ್ಳಿ. ಸುಣ್ಣದ ಗಾರೆ ಗೋಡೆ, ಮೇಲೆ ಮಂಗಳೂರು ಹೆಂಚು, ಬಾಗಿಲು ಎಷ್ಟು ಗಿಡ್ಡ ಅಂದ್ರೆ ಎಂಥ ಪೈಲ್ವಾನ್ ಆದ್ರೂ ತಲೆ ಬಗ್ಗಿಸೇ ಒಳಗೆ ಹೋಗ್ಬೇಕು. ಒಳಗೆ ಕುಸ್ತಿ ಆಡೋ ಮಟ್ಟಿ, ಅಂದ್ರೆ ಕೆಮ್ಮಣ್ಣಿಗೆ ಅರಿಶಿನ, ಕುಂಕುಮ, ಬೇವಿನ ಪುಡಿ, ಎಣ್ಣೆ ಎಲ್ಲಾ ಬೆರೆಸಿ ಹದ ಮಾಡಿದ್ದು. ಲೇಟಾಗಿ ಬಂದೋರಿಗೆ ಆ ಮಟ್ಟಿ ಅಗೆಯೋ ಕೆಲಸ ಕೊಡೋರು ಕುಸ್ತಿ ಕಲಿಸೋ ಉಸ್ತಾದ್ರು, ಹಂಗಾಗಿ ನನಗೆ ಪಟ್ಟು ಬಂದಿದ್ದಕ್ಕಿಂತ ಗುದ್ದಲಿ ಹಿಡಿಯೋದೇ ಚೆನ್ನಾಗಿ ಬಂತು. ಬೆಳಗ್ಗೆ ದಂಡ, ಬಸ್ಕಿ, ಕುಸ್ತಿ, ಸಂಜೆ ಜಗಲೀಲಿ ಕೇರಂ, ಹಿಂದುಗಡೆ ಜಾಗದಲ್ಲಿ ಕಬಡ್ಡಿ, ಯುವಕರ ಸಂಘದ ಅಡ್ರೆಸ್ಸೂ ಅದೇ. ಹೆಂಚು ಒಡೆದ್ರೆ ಹುಡುಗ್ರೇ ಹತ್ತಿ ಬದಲಾಯಿಸೋರು, ಹಬ್ಬ ಬಂದ್ರೆ ಅವ್ರೇ ಸುಣ್ಣ ಬಳಿಯೋರು. ಕಟ್ಟಡ ಗಟ್ಟಿಯಾಗಿತ್ತು, ಯಾಕಂದ್ರೆ ಆಗ ಅದನ್ನ ಯಾರೂ ಸಂರಕ್ಷಣೆ ಮಾಡ್ತಿರ್ಲಿಲ್ಲ.

ಆಮೇಲೆ ಒಂದಿನ ಸಾಹೇಬ್ರು ಬಂದ್ರು, ಟೇಪ್ ಹಿಡಿದ್ರು, ಫೋಟೋ ಹೊಡೆದ್ರು, "ಇನ್ಮೇಲೆ ಈ ಗೋಡೆಗೆ ಒಂದು ಮೊಳೆನೂ ಹೊಡೀಬಾರ್ದು" ಅಂದ್ರು. ಆ ಮಾತನ್ನ ಬರೆಸಿದ ಬೋರ್ಡನ್ನ ಅದೇ ಗೋಡೆಗೆ ನಾಲ್ಕು ಮೊಳೆ ಹೊಡೆದು ನೇತು ಹಾಕಿದ್ರು. ಗಾರೆ ಉದುರಿ ಉಸ್ತಾದ್ರ ತಲೆ ಮೇಲೇ ಬಿತ್ತು, ಪಾಪ, ಒರೆಸ್ಕೊಂಡು ಚಪ್ಪಾಳೆ ಹೊಡೆದ್ರು.

ಮುಂದಿನ ಮಳೇಲಿ ಹೆಂಚು ಜಾರ್ತು. ಹುಡುಗ್ರು ಏಣಿ ತಂದ್ರೆ ಪರ್ಮಿಷನ್ ಎಲ್ಲಿ ಅಂದ್ರು. ಅರ್ಜಿ ಕೊಟ್ವಿ. ಮೂಲ ಸ್ವರೂಪಕ್ಕೆ ಧಕ್ಕೆ ಆಗುತ್ತಾ ಅಂತ ಸಮಿತಿ ನೋಡ್ಬೇಕಂತೆ, ಸಮಿತಿ ಕೂರೋಕೆ ಕೋರಂ ಬೇಕಂತೆ, ಅಷ್ಟ್ರಲ್ಲಿ ಮಟ್ಟೀಲಿ ಮೊಣಕಾಲುದ್ದ ನೀರು. ಕೊನೆಗೆ ಬಂದಿದ್ದು ರಿಪೇರಿ ಅಲ್ಲ, ಇನ್ನೊಂದು ಬೋರ್ಡು, "ಶಿಥಿಲ ಕಟ್ಟಡ, ಪ್ರವೇಶ ನಿಷೇಧ" ಅಂತ, ಅದಕ್ಕೂ ನಾಲ್ಕು ಮೊಳೆ.

ಭಯ ಬೇಡ ಅಂತಿಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತಿದ್ದು ಈ ಊರಿಗೆ ಗೊತ್ತು, 2016ರಲ್ಲಿ ದೇವರಾಜ ಮಾರ್ಕೆಟ್ ಹೆಬ್ಬಾಗಿಲ ಕಡೆ ಬಿದ್ದಿದ್ದೂ ಗೊತ್ತು. ಆದ್ರೆ ಅದರಿಂದ ನಾವು ಕಲಿತ ಪಾಠ ಬೋರ್ಡ್ ಬರೆಸೋದು ಮಾತ್ರ, ಸೂರು ಹೊದಿಸೋದಲ್ಲ.

ದಸರಾ ಬಂದ್ರೆ ಮಾತ್ರ ಕಟ್ಟಡಕ್ಕೆ ದಿಢೀರ್ ಆರೋಗ್ಯ. ಅರಮನೆಗೆ ಸುಮಾರು ಒಂದು ಲಕ್ಷ ಬಲ್ಬು, ನಮ್ಮ ಗರಡಿಗೆ ಎರಡು ಸಾಲು ಸೀರಿಯಲ್ ಸೆಟ್, ಒಳಗಿನ ಬಲ್ಬಿಗೆ ಮಾತ್ರ ಬಿಲ್ ಕಟ್ಟಿಲ್ಲ ಅಂತ ಕರೆಂಟ್ ಕಟ್. ಪಾರಂಪರಿಕ ನಡಿಗೆ ಅಂತ ಪಂಚೆ ಉಟ್ಟು ಶೂ ಹಾಕ್ಕೊಂಡು ಬರ್ತಾರೆ. ಗೈಡು ರಣಧೀರ ಕಂಠೀರವ ನರಸರಾಜ ಒಡೆಯರು ತಿರುಚಿನಾಪಳ್ಳಿಗೆ ಹೋಗಿ ಜಟ್ಟಿನ ಗೆದ್ದ ಕಥೆ ಹೇಳಿ, "ಒಂದು ಕಾಲದಲ್ಲಿ ಇಲ್ಲೂ ಪೈಲ್ವಾನರು ಸಾಮು ಮಾಡ್ತಿದ್ರು" ಅಂತ ದನಿ ಸಣ್ಣ ಮಾಡ್ತಾನೆ. ಆ ಒಂದು ಕಾಲದ ಪೈಲ್ವಾನರು ಎದುರುಗಡೆ ಟೀ ಅಂಗಡೀಲಿ ಬೈಟೂ ಹೀರ್ತಾ ತಮ್ಮ ಇತಿಹಾಸ ಕೇಳಿಸ್ಕೋತಿರ್ತಾರೆ. ಹೋದ್ಸಲ ಒಬ್ಬ ಹುಡುಗ ದಸರಾ ಕುಸ್ತಿಗೆ ಹೆಸರು ಕೊಟ್ಟಿದ್ದ, ಪ್ರಾಕ್ಟೀಸ್ ಮಾಡಿದ್ದು ಮದುವೆ ಛತ್ರದ ಪಾರ್ಕಿಂಗಲ್ಲಿ!

ಈಗ ಹೊಸ ಸುದ್ದಿ. ಇಲ್ಲಿ "ಗರಡಿ ಅನುಭವ ಕೇಂದ್ರ" ಮಾಡ್ತಾರಂತೆ. ಟಿಕೆಟ್ ಕೌಂಟರ್, ಸೆಲ್ಫಿ ಪಾಯಿಂಟ್, ಫೈಬರ್ ಪೈಲ್ವಾನ್ ಎರಡು. ಉಸ್ತಾದ್ರು ಪ್ಲಾನ್ ಶೀಟ್ ತಿರುಗಿಸಿ ತಿರುಗಿಸಿ ನೋಡಿ, "ಸಾಹೇಬ್ರೇ, ಮಟ್ಟಿ ಎಲ್ಲಿ?" ಅಂದ್ರು.

"ಅಲ್ಲಿ ವಿಟ್ರಿಫೈಡ್ ಟೈಲ್ಸ್ ಬರುತ್ತೆ ಯಜಮಾನ್ರೇ, ಮಣ್ಣಿದ್ರೆ ಟೂರಿಸ್ಟ್ ಬಟ್ಟೆ ಗಲೀಜಾಗುತ್ತೆ. ನೀವು ಗದೆ ಹಿಡ್ಕೊಂಡು ಬಾಗಿಲಲ್ಲಿ ನಿಂತ್ಕೊಳ್ಳಿ, ಗೌರವಧನ ಕೊಡ್ತೀವಿ, ಆಧಾರ್ ಜೆರಾಕ್ಸ್ ತನ್ನಿ."

ಜೆರಾಕ್ಸ್ ಎಷ್ಟು ಕಾಪಿ ಅಂತ ಕೇಳಿದ್ರು ಉಸ್ತಾದ್ರು.