ನಮ್ಮ ಗೌರಿಯ ಹಳದಿ ಓಲೆ

ಇದೆಲ್ಲ ಶುರುವಾಗಿದ್ದು ಬೋರ್ಡ್ ಬರೆಯುವ ಪೇಂಟರ್‌ನಿಂದ.

ನೌಕರಿ ಮುಗಿಸಿ ಊರಿಗೆ ಬಂದ ಮೇಲೆ ನನಗೊಂದು ಹುಚ್ಚು ಹತ್ತಿತು. ಹಾವೇರಿ ಹತ್ತಿರದ ನಮ್ಮ ಹೊಲದಲ್ಲಿ ಖಿಲಾರಿ ಎಂಬ ನಾಡ ತಳಿಯ ಮೂರು ಆಕಳುಗಳಿವೆ. ಗೌರಿ, ಗೌರಿಯ ತಂಗಿ, ಆ ತಂಗಿಯ ಮಗಳು. ಹಾಲಿಗೆಂದು ಖಿಲಾರಿ ಕಟ್ಟುವ ಹುಚ್ಚ ನಾನಲ್ಲ. ಒಳ್ಳೆಯ ಹೋರಿಗರು, ಇನ್ನೂ ಕರು ಹಾಕದ ಒಳ್ಳೆಯ ಮಣಕ ಬೆಳೆಸಿ, ತಳಿಗೆ ಬೇಕು ಎಂದು ಹುಡುಕಿಕೊಂಡು ಬರುವವರಿಗೆ ಮಾರುವ ಹುಚ್ಚು ನನ್ನದು. ಸಣ್ಣದಾಗಿ, ಆದರೆ ಶಿಸ್ತಾಗಿ. ಅದಕ್ಕೆ ಗೇಟಿನ ಮೇಲೆ ಒಂದು ಬೋರ್ಡ್ ಇರಲಿ ಅಂದುಕೊಂಡೆ. 'ರಜಿಸ್ಟರ್ಡ್ ಖಿಲಾರಿ ತಳಿ ಕೇಂದ್ರ.'

ರಜಿಸ್ಟರ್ಡ್ ಅನ್ನುವ ಮಾತಿಗೆ ನಮ್ಮ ಕಡೆ ತೂಕ ಜಾಸ್ತಿ. ಟಪಾಲು ರಜಿಸ್ಟರ್ಡ್ ಆಗಿ ಬಂದರೆ ಕೈ ಒರೆಸಿಕೊಂಡು ಸಹಿ ಹಾಕುತ್ತಾರೆ. ಓಡಿಹೋದ ಜೋಡಿಯ ಮದುವೆ ರಜಿಸ್ಟರ್ಡ್ ಆಗಿದೆ ಅಂದರೆ ಬೀಗರು ಕೋಲು ಕೆಳಗಿಡುತ್ತಾರೆ. ಆಕಳಿಗೂ ಒಂದು ಇರಲಿ ಅಲ್ವಾ?

ಪೇಂಟರ್ ಎರಡು ಸಾಲು ಚಂದ ಬರೆದ. ಆಮೇಲೆ ಬ್ರಷ್ ಎತ್ತಿಹಿಡಿದು ಕೇಳಿದ. "ಸಾಹೇಬ್ರ, ರಜಿಸ್ಟರ್ ನಂಬರ್ ಹೇಳ್ರಿ, ಕೆಳಗ ಸಣ್ಣದಾಗಿ ಬರೀತೀನಿ."

ನಂಬರ್ ಇರಲಿಲ್ಲ. ಅವನು ಬಣ್ಣದ ಡಬ್ಬಿಗೆ ಮುಚ್ಚಳ ಹಾಕಿಕೊಂಡು ಹೋದ. ನಾನು ನಂಬರ್ ಹುಡುಕಿಕೊಂಡು ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಕೇಳಬೇಡಿ. ಅಲ್ಲಿ ಕೂತವರೂ ಪಾಪ ನನ್ನ ಹಾಗೆ ನಿವೃತ್ತಿಯ ದಿನ ಎಣಿಸುವವರೇ.

"ಕಿವಿಗೆ ಟ್ಯಾಗ್ ಐತೇನ್ರಿ?" ಅಂದರು.

ಇದೆ. ಕಾಲುಬಾಯಿ ಬೇನೆಗೆ ಲಸಿಕೆ ಹಾಕಲು ಬಂದಾಗ ಮೂರಕ್ಕೂ ಹಳದಿ ಓಲೆ ತೊಡಿಸಿ ಹೋಗಿದ್ದರು. ಒಂದೊಂದರ ಮೇಲೆ 12 ಅಂಕಿ. ನಮ್ಮ ಆಧಾರ್‌ಗೆ ಎಷ್ಟೋ ಇದಕ್ಕೂ ಅಷ್ಟೇ. ಗೌರಿಯ ಅಂಕಿಗಳನ್ನು ಓದಿದೆ. ಅವರು ಕಂಪ್ಯೂಟರಿಗೆ ಹೊಡೆದರು, ಪರದೆ ನೋಡಿದರು, ನನ್ನ ಮುಖ ನೋಡಿದರು.

"ಖಿಲಾರಿ ಅಲ್ಲಲ್ರೀ ಇದು. ನಾನ್ ಡಿಸ್ಕ್ರಿಪ್ಟ್ ಅಂತೈತಿ."

ಸರಕಾರಿ ಭಾಷೆಯಲ್ಲಿ ಯಾವ ತಳಿಗೂ ಸೇರದ ದನಕ್ಕೆ ಹೀಗೆ ಕರೆಯುತ್ತಾರೆ. ವರ್ಣಿಸಲು ಏನೂ ಇಲ್ಲದ್ದು ಎಂದು ಅರ್ಥ. ಓಲೆ ತೊಡಿಸಲು ಬಂದ ಹುಡುಗನಿಗೆ ಆ ದಿನ ಇನ್ನೂ ಎಷ್ಟು ಕೊಟ್ಟಿಗೆ ಬಾಕಿ ಇತ್ತೋ. ಪಟ್ಟಿಯಲ್ಲಿ ಬೇಗ ಸಿಕ್ಕಿದ್ದನ್ನು ಒತ್ತಿರಬೇಕು. ಹೀಗಾಗಿ ಉದ್ದ ಮುಖದ, ಹಿಂದಕ್ಕೆ ಬಾಗಿ ಮೇಲೆ ಚೂಪಾಗುವ ಕೋಡಿನ, ನಡೆದರೆ ನೆಲ ಕೇಳಿಸದ ನಮ್ಮ ಗೌರಿ, ಕಂಪ್ಯೂಟರಿನಲ್ಲಿ ವರ್ಣನೆಗೆ ಸಿಗದವಳು. ಶರಣರು ನಿರಾಕಾರನ ಬಗ್ಗೆ ಹೇಳಿದ ಮಾತನ್ನು ನಮ್ಮವರು ಆಕಳಿಗೆ ಹಾಕಿಬಿಟ್ಟಿದ್ದಾರೆ.

"ತಿದ್ದಬಹುದಲ್ರೀ?" ಅಂದೆ.

"ತಿದ್ದಬಹುದು. ತಾಯಿ ಟ್ಯಾಗ್ ನಂಬರ್ ಕೊಡ್ರಿ."

ಗೌರಿಯ ಅವ್ವ ಸತ್ತು 8 ವರ್ಷವಾಯಿತು. ಅವಳ ಕಾಲದಲ್ಲಿ ನಮ್ಮ ಕೊಟ್ಟಿಗೆಗೆ ಓಲೆ ಬಂದಿರಲಿಲ್ಲ. ಹೊಲದ ಬದುವಿನ ಬೇವಿನ ಮರದ ಕೆಳಗೆ ಮಣ್ಣು ಮಾಡಿದ್ದೇವೆ, ಬೇಕಾದರೆ ತೋರಿಸುತ್ತೇನೆ ಅಂದೆ. ಬೇಡ ಅಂದರು. ಅಪ್ಪ? ಅಪ್ಪ ನಮ್ಮ ಸೋದರಮಾವನ ಊರಿನ ಹೋರಿ. ದೀಪಾವಳಿಯ ಹೋರಿ ಹಬ್ಬದಲ್ಲಿ ಕೊಬ್ಬರಿ ಹಾರ ಹಾಕಿಕೊಂಡು ಓಡಿದರೆ ಒಬ್ಬರ ಕೈಗೂ ಒಂದು ಬಟ್ಟಲು ಕೊಬ್ಬರಿ ಸಿಗುತ್ತಿರಲಿಲ್ಲ. ನಾಲ್ಕು ಊರಿಗೆ ಗೊತ್ತಿರುವ ಅಪ್ಪ. ನಂಬರ್ ಇಲ್ಲದ ಅಪ್ಪ.

ಕೊನೆಯ ಖಾನೆಗೆ ಬಂದರು. "ತಾಯಿ ಒಂದು ಸೂಲಿಗೆ, 305 ದಿನಕ್ಕ, ಎಷ್ಟು ಲೀಟರ್ ಹಾಲು ಕೊಟ್ಟಿತ್ರಿ?"

ಖಿಲಾರಿ ಇರುವುದು ಹಾಲಿಗಲ್ಲ, ದುಡಿಮೆಗೆ, ಓಟಕ್ಕೆ. ಗೌರಿ ಹಿಂಡಿಸಿಕೊಂಡರೆ ಹೊತ್ತಿಗೆ ಒಂದು ತಂಬಿಗೆ. ಉಳಿದದ್ದು ಕರುವಿಗೆ. ಖಿಲಾರಿಯನ್ನು ಹಾಲಿನ ಲೆಕ್ಕದಲ್ಲಿ ಅಳೆಯುವುದು ಅಂದರೆ ಪೈಲ್ವಾನನನ್ನು ಜೋಳದ ರೊಟ್ಟಿ ಬಡಿಯುವ ಪರೀಕ್ಷೆಗೆ ಕೂರಿಸಿದ ಹಾಗೆ. ರೊಟ್ಟಿ ಹರಿಯುತ್ತದೆ, ಪೈಲ್ವಾನನ ಮಾನವೂ ಹೋಗುತ್ತದೆ.

ನಾನು ಬಿಡಲಿಲ್ಲ. ಕೇಂದ್ರ ಸರಕಾರದ್ದೇ ಹಿಂಡು ನೋಂದಣಿ ಯೋಜನೆ ಇದೆಯಲ್ಲ ಎಂದು ಓದಿ ನೋಡಿದೆ. ಅದರ ಘಟಕಗಳು ರೋಹ್ಟಕ್, ಅಹಮದಾಬಾದ್, ಓಂಗೋಲ್, ಅಜ್ಮೇರ್‌ಗಳಲ್ಲಿ. ದನಗಳಲ್ಲಿ ಗೀರ್, ಕಾಂಕ್ರೇಜ್, ಹರಿಯಾಣ, ಓಂಗೋಲ್. ಎಮ್ಮೆಗಳಲ್ಲಿ ಮುರ್ರಾ, ಜಾಫರಾಬಾದಿ, ಮೆಹಸಾಣಿ, ಸುರ್ತಿ. ಖಿಲಾರಿಯೂ ಇಲ್ಲ, ಹಳ್ಳಿಕಾರೂ ಇಲ್ಲ. ರೋಹ್ಟಕ್‌ಗೆ ಗೌರಿಯನ್ನು ಹೊಡೆದುಕೊಂಡು ಹೋದರೂ ಗೇಟಿನಲ್ಲೇ ಚಹಾ ಕುಡಿಸಿ ಕಳಿಸುತ್ತಿದ್ದರು.

ಸರಿ, ನೋಂದಣಿ ಹಾಳಾಗಲಿ, ಸಬ್ಸಿಡಿಯಾದರೂ ಸಿಗುತ್ತದೋ ನೋಡೋಣ ಅಂದುಕೊಂಡೆ. ರಾಷ್ಟ್ರೀಯ ಗೋಕುಲ ಮಿಷನ್ ಶುರುವಾದದ್ದು 2014ರಲ್ಲಿ, ನಾಡ ತಳಿಗಳನ್ನು ಉಳಿಸಲೆಂದೇ. ಅದರ ಕೆಳಗೆ ತಳಿ ವೃದ್ಧಿ ಫಾರ್ಮ್ ಯೋಜನೆ ಬಂದಾಗ, ಜಮೀನಿನ ಬೆಲೆ ಬಿಟ್ಟು ಉಳಿದ ಬಂಡವಾಳಕ್ಕೆ ಅರ್ಧ ಹಣ, 2 ಕೋಟಿ ರೂಪಾಯಿವರೆಗೆ ಎಂದಿತ್ತು. ಓದುತ್ತಾ ಎದ್ದು ನಿಂತೆ. ಮುಂದಿನ ಸಾಲು ಓದಿ ಕೂತೆ. ಕನಿಷ್ಠ 200 ಹಾಲಿನ ಆಕಳು ಅಥವಾ ಎಮ್ಮೆ ಬೇಕು.

ನನ್ನಲ್ಲಿ ಮೂರು. ಪೆನ್ನು ಹಿಡಿದು ಲೆಕ್ಕ ಹಾಕಿದೆ. ನಾಡ ಆಕಳು ಮೊದಲ ಸಲ ಕರು ಹಾಕಲು ಹುಟ್ಟಿ ಸುಮಾರು 4 ವರ್ಷ ಬೇಕು. ಗಬ್ಬ ಕಟ್ಟಿದರೆ ಒಂಬತ್ತು ತಿಂಗಳು ಒಂಬತ್ತು ದಿನ. ಹುಟ್ಟಿದ್ದರಲ್ಲಿ ಅರ್ಧ ಹೋರಿಗರು. ಒಂದೂ ಸಾಯದೆ, ಮುಖ್ಯವಾಗಿ ಒಂದೂ ಮಾರದೆ ಇದ್ದರೆ ಹಿಂಡು ಐದಾರು ವರ್ಷಕ್ಕೊಮ್ಮೆ ಇಮ್ಮಡಿಯಾದೀತು. ಮೂರು ಆರಾಗಿ, ಆರು ಹನ್ನೆರಡಾಗಿ, ಆರು ಸಲ ಇಮ್ಮಡಿಯಾದರೆ 192. ನನಗೀಗ 61. ತೊಂಬತ್ತೈದರ ಆಸುಪಾಸಿನಲ್ಲಿ ಅರ್ಜಿ ಹಿಡಿದು ಹೋದರೆ ಕೌಂಟರಿನ ಹುಡುಗ ಹೇಳುತ್ತಾನೆ: "ಅಜ್ಜಾರ, ಇನ್ನೂ ಎಂಟು ಕಡಿಮಿ ಅದಾವು."

ಇದೇ ಹೊತ್ತಿಗೆ ಹೆಂಡತಿ ಮೊಬೈಲ್ ತೋರಿಸಿದಳು. 2024ರ ಫೆಬ್ರವರಿಯಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಜಾನುವಾರು ಮಿಷನ್‌ಗೆ ಕುದುರೆ, ಕತ್ತೆ, ಹೇಸರಗತ್ತೆ, ಒಂಟೆಗಳನ್ನೂ ಸೇರಿಸಿದೆ. ಅರ್ಧ ಬಂಡವಾಳ, 50 ಲಕ್ಷದವರೆಗೆ. ಕುರಿ, ಮೇಕೆ, ಕೋಳಿ, ಹಂದಿಗೆ ಮೊದಲಿನಿಂದಲೂ ಜಾಗ ಇತ್ತು. "ಕತ್ತೀನ ಸಾಕೋಣೇನ್ರಿ?" ಅಂದಳು. ನಗುತ್ತಿದ್ದಳೋ ಗಂಭೀರವಾಗಿ ಕೇಳಿದಳೋ ಇವತ್ತಿಗೂ ತಿಳಿದಿಲ್ಲ. ಕತ್ತೆಯ ಮೇಲೆ ನನಗೇನೂ ಸಿಟ್ಟಿಲ್ಲ. ಕತ್ತೆಯಿಂದ ಕೆಲಸ ಆಗುತ್ತದೆ ಎಂದು ಆಡಳಿತಕ್ಕೆ ನಂಬಿಕೆ ಬಂದಿದ್ದರೆ ಅದು ಅನುಭವದಿಂದಲೇ ಬಂದಿರಬೇಕು.

ಬೇಸರ ಕಳೆಯಲು ಬಂಕಾಪುರಕ್ಕೆ ಹೋದೆ. ಅಲ್ಲಿನ ಕೋಟೆಯೊಳಗೆ ಸರಕಾರದ ಖಿಲಾರಿ ತಳಿ ಸಂವರ್ಧನಾ ಕೇಂದ್ರವಿದೆ. ಗಿಡಗಂಟಿ, ಕಂದಕ, ದನ, ಸಗಣಿ. ಸಗಣಿಯಲ್ಲಿ ಹುಳ, ಹುಳಕ್ಕೆ ನವಿಲು. ಹೀಗೆ ನವಿಲುಗಳು ತಾವೇ ಬಂದು ಸಂಸಾರ ಹೂಡಿದವು. 2006ರಲ್ಲಿ ಅದು ನವಿಲುಧಾಮವಾಯಿತು. ಜನ ಕ್ಯಾಮೆರಾ ಹಿಡಿದು ಬರುತ್ತಾರೆ. ಸಗಣಿ ಹಾಕಿದವರು ಮೂಲೆಯಲ್ಲಿ ಮೆಲುಕು ಹಾಕುತ್ತಾ ನಿಂತಿರುತ್ತಾರೆ. ನವಿಲಿನ ಕಿವಿಯಲ್ಲಿ ಓಲೆ ಇರಲಿಲ್ಲ. ಅವ್ವ ಯಾರು ಎಂದು ಯಾರೂ ಕೇಳಿದಂತೆ ಕಾಣಲಿಲ್ಲ.

ಮನೆಗೆ ಬಂದು ಕಾಕಾನ ಮುಂದೆ ಎಲ್ಲ ಹೇಳಿಕೊಂಡೆ. ಕಾಕಾನಿಗೆ 80 ದಾಟಿದೆ. ಸಂತೆಯಲ್ಲಿ ದನದ ಬಾಯಿ ಬಿಡಿಸಿ ಎರಡಲ್ಲೋ ನಾಕಲ್ಲೋ ಎಂದು ನೋಡುವ ಮೊದಲೇ, ನಡೆಯುವುದನ್ನು ನೋಡಿ ವಯಸ್ಸು ಹೇಳುತ್ತಾನೆ. ಬೆನ್ನ ಮೇಲೆ ಕೈಯಾಡಿಸಿ ಸುಳಿ ನೋಡುತ್ತಾನೆ.

"ಅಲ್ಲೋ ತಮ್ಮಾ, ಕೃಷ್ಣಾ ಹೊಳಿ ದಂಡಿ ದನಾ ಯಾರು ಮಾಡಿದ್ರು?" ಅಂದ.

ಕಾಕಾ ಕೇಳಿದ್ದು ಸರಿಯೇ. ಕೃಷ್ಣಾ ಕಣಿವೆ ತಳಿಯನ್ನು 19ನೇ ಶತಮಾನದಲ್ಲಿ ಸಾಂಗ್ಲಿ ಕಡೆಯ ಸಂಸ್ಥಾನಿಕರು ಮಾಡಿದರು. ಗೀರ್, ಓಂಗೋಲ್, ಕಾಂಕ್ರೇಜ್ ರಕ್ತವನ್ನು ಇಲ್ಲಿನ ದನಕ್ಕೆ ಬೆರೆಸಿದರು. ಮಳೆಯಾದರೆ ಕಾಲು ಹೂತುಹೋಗುವ ಎರೆ ಹೊಲದಲ್ಲಿ ಎಳೆಯಬಲ್ಲ ದಪ್ಪ ಎತ್ತು ಅವರಿಗೆ ಬೇಕಿತ್ತು. ಇವತ್ತು ಅದು ಮಾನ್ಯತೆ ಪಡೆದ ತಳಿ, ಅಳಿವಿನ ಅಂಚಿನಲ್ಲಿದೆ ಎಂದು ಎಲ್ಲರೂ ಮರುಗುತ್ತಾರೆ. ಆ ಸಂಸ್ಥಾನಿಕರು ಈಗ ಹುಟ್ಟಿ, ಈ ಬೆರಕೆ ಕರುವನ್ನು ಹಿಡಿದುಕೊಂಡು ಅದೇ ಕೌಂಟರಿಗೆ ಬಂದರೆ ಏನು ಬರೆಯುತ್ತಿದ್ದರು? ನಾನ್ ಡಿಸ್ಕ್ರಿಪ್ಟ್.

ಇನ್ನೊಂದು ಮಾತು, ಮರೆಯುವ ಮೊದಲು. ಗೌರಿ ಬೆದೆಗೆ ಬಂದಾಗ ಹೆಣ್ಣು ಕರುವೇ ಹುಟ್ಟುವಂಥ ವೀರ್ಯದ ಕಡ್ಡಿ ಬಂದಿದೆ, ನೂರಕ್ಕೆ ಸುಮಾರು 90 ಹೆಣ್ಣೇ ಎಂದು ಒಬ್ಬರು ಹುಮ್ಮಸ್ಸಿನಿಂದ ಹೇಳಿದರು. ಹಾಲಿನವರಿಗೆ ಅದು ವರವೇ ಸರಿ. ಆದರೆ ಖಿಲಾರಿಯ ಬೆಲೆ ಇರುವುದೇ ಹೋರಿಯಲ್ಲಿ. ನಾನು ಬೇಡ ಅಂದಿದ್ದಕ್ಕೆ ಅವರು ನನ್ನನ್ನು ನೋಡಿದ ರೀತಿ, ಗಂಡು ಹುಟ್ಟಲಿ ಎಂದು ಹರಕೆ ಹೊತ್ತ ಹಳೇ ಕಾಲದ ಅತ್ತೆಯನ್ನು ನೋಡಿದ ಹಾಗಿತ್ತು.

ಗೌರಿ ಹೋರಿಗರುವನ್ನೇ ಹಾಕಿದಳು. ಎರಡು ವರ್ಷಕ್ಕೆ ಅದು ಹಗ್ಗ ಹಿಡಿದವನನ್ನು ಎಳೆದುಕೊಂಡು ಹೋಗುವಷ್ಟಾಯಿತು. ಹಾನಗಲ್ ಕಡೆಯ ಇಬ್ಬರು ಬಂದರು, ಹೋರಿ ಹಬ್ಬದ ಹುಚ್ಚರು. ಬೋರ್ಡ್ ನೋಡಲಿಲ್ಲ, ಓಲೆ ನೋಡಲಿಲ್ಲ. "ಯಾರ ಹೊಟ್ಟಿ?" ಅಂದರು. ಗೌರಿಯನ್ನು ತೋರಿಸಿದೆ. "ಬೀಜ?" ಮಾವನ ಊರಿನ ಹೋರಿಯ ಮೊಮ್ಮಗ ಅಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಕಾಕಾ ಹೆಗಲ ಟವೆಲ್ ತೆಗೆದ. ಅದರ ಕೆಳಗೆ ಬೆರಳು ಬೆರಳು ಮಾತಾಡಿದವು. ಎಷ್ಟಕ್ಕೆ ಹೋಯಿತು ಎಂದು ಹೇಳುವುದಿಲ್ಲ. ಟವೆಲ್ ಇರುವುದೇ ಅದಕ್ಕೆ.

ಈಗ ಸಾಗಿಸಬೇಕಲ್ಲ. 2021ರಲ್ಲಿ ಜಾನುವಾರು ಹತ್ಯೆ ತಡೆಯುವ ಹೊಸ ಕಾಯ್ದೆ ಬಂದ ಮೇಲೆ ದನವನ್ನು ಗಾಡಿಗೆ ಹತ್ತಿಸಲು ಎಲ್ಲರಿಗೂ ಎದೆ ಢವಢವ. ಕೈಯಲ್ಲಿ ಕಾಗದ ಬೇಕು. ಮಾಲೀಕ ನಾನೇ ಎನ್ನುವುದಕ್ಕೊಂದು, ಆರೋಗ್ಯಕ್ಕೊಂದು. ಗಾಡಿಯಲ್ಲಿ ಒಂದು ದನಕ್ಕೆ 2 ಚದರ ಮೀಟರ್ ಜಾಗ ಇರಬೇಕು ಎಂದು 2015ರಿಂದ ಮೋಟಾರು ವಾಹನ ನಿಯಮ ಹೇಳುತ್ತದೆ. ಒಳ್ಳೆಯ ನಿಯಮ, ಇರಲೇಬೇಕು. ಅದನ್ನು ನಾನು ಓದಿದ್ದು ಹುಬ್ಬಳ್ಳಿಯಿಂದ ಹಾವೇರಿಗೆ ಬರುವ ಬಸ್ಸಿನಲ್ಲಿ, ಒಂದು ಕಾಲ ಮೇಲೆ ನಿಂತುಕೊಂಡು. ಇನ್ನೊಂದು ಕಾಲು ಯಾರದೋ ಮೆಣಸಿನಕಾಯಿ ಚೀಲದ ಮೇಲಿತ್ತು.

ಕಾಗದ ಮಾಡಿಸಿದೆವು. ತಳಿ ಎಂಬ ಖಾನೆಯಲ್ಲಿ ಕಂಪ್ಯೂಟರ್ ತನಗೆ ಗೊತ್ತಿದ್ದುದನ್ನೇ ಬರೆಯಿತು. ಖಿಲಾರಿ ಎಂದೇ ಅಷ್ಟು ಹಣ ಕೊಟ್ಟು ಕೊಂಡ ಹೋರಿ ವರ್ಣನೆಗೆ ಸಿಗದ ದನವಾಗಿ ಹಾನಗಲ್‌ಗೆ ಹೋಯಿತು. ಕೊಂಡವರು ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡರು. "ದಾರ್‍ಯಾಗ ತೋರಸಾಕ ಆತು" ಅಂದರು.

ಹೋದ ತಿಂಗಳು ಪೇಂಟರ್ ಮತ್ತೆ ಬಂದ. ಅರ್ಧ ಬರೆದ ಬೋರ್ಡ್ ನೋಡಿದರೆ ಅವನ ವ್ಯಾಪಾರಕ್ಕೆ ಕೆಟ್ಟ ಹೆಸರಂತೆ. "ನಂಬರ್ ಬಂತೇನ್ರಿ?" ಅಂದ. ನನಗೆ ಸಾಕಾಗಿತ್ತು. ಗೌರಿಯ ಕಿವಿ ತೋರಿಸಿದೆ. ಅವನು ಅವಳ ಪಕ್ಕ ನಿಂತು ಹಳದಿ ಓಲೆ ನೋಡಿ ನೋಡಿ 12 ಅಂಕಿಯನ್ನೂ ಬರೆದ. ಸಣ್ಣದಾಗಿ ಅಲ್ಲ, ದೊಡ್ಡದಾಗಿ, ಕೆಂಪು ಬಣ್ಣದಲ್ಲಿ.

ನಿನ್ನೆ ರಾಣೆಬೆನ್ನೂರು ಕಡೆಯವರೊಬ್ಬರು ಗೇಟಿನ ಮುಂದೆ ಬೈಕ್ ನಿಲ್ಲಿಸಿ, ಮೊಬೈಲ್ ಹಿಡಿದುಕೊಂಡು ಒದ್ದಾಡುತ್ತಿದ್ದರು. ಮಣಕ ಬೇಕಿತ್ತಂತೆ. ನಾನು ಹೊರಗೆ ಬಂದ ಕೂಡಲೇ ಬೋರ್ಡ್ ಕಡೆ ಕೈ ಮಾಡಿದರು.

"ಆವಾಗಿಂದ ಫೋನ್ ಹಚ್ಚಾಕತ್ತೀನ್ರಿ ಸರ, ಹತ್ತವಲ್ದು. ಎರಡು ಅಂಕಿ ಜಾಸ್ತಿ ಬರದಾರ ನೋಡ್ರಿ."