ಕಸುಬುದಾರರ ಮನೆಯಲ್ಲಿ ಒಂದು ದಿನದ ಕಾರ್ಯಾಗಾರ: ಬೇಕೆ, ಬೇಡವೆ?

ಪರ: ಕಣ್ಣಾರೆ ಕಂಡರೇ ಬೆಲೆ ತಿಳಿಯುವುದು

ಈ ಚರ್ಚೆಯಲ್ಲಿ ನನ್ನ ಪಾಲಿಗೆ ಬಂದದ್ದು ‘ಬೇಕು’ ಎನ್ನುವ ಪಕ್ಷ. ಪೂರ್ತಿ ಒಪ್ಪುತ್ತೇನೆ ಎಂದರೆ ಸುಳ್ಳಾದೀತು. ಮುಕ್ಕಾಲು ಪಾಲು ಒಪ್ಪುತ್ತೇನೆ.

ವಿನ್ಯಾಸ ಕಲಿಸುವುದು ನನ್ನ ಕೆಲಸ. ಎಷ್ಟೋ ವರ್ಷ ಬಿದ್ರಿ ಕಲೆಯನ್ನು ಪರದೆಯ ಮೇಲೆ ಚಿತ್ರ ತೋರಿಸಿಯೇ ಪಾಠ ಮಾಡಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ ಮಿಶ್ರಲೋಹ, ಅದರ ಮೇಲೆ ಕೊರೆದ ಗೆರೆಗಳಿಗೆ ಬೆಳ್ಳಿಯ ತಂತಿ ಎಂದು ಬರೆಸಿದೆ. ಪರೀಕ್ಷೆಯಲ್ಲಿ ಅರ್ಧ ತರಗತಿ ‘ಕಪ್ಪು ಬಣ್ಣ ಬಳಿಯುತ್ತಾರೆ’ ಎಂದು ಬರೆದಿತ್ತು. ಒಂದು ಸಲ ಎಲ್ಲರನ್ನೂ ಬೀದರಿಗೆ ಕರೆದುಕೊಂಡು ಹೋದೆ. ಕೋಟೆಯ ಮಣ್ಣು, ನವಸಾಗರವೆಂಬ ಉಪ್ಪು ಕದಡಿದ ಬಿಸಿನೀರಿನಲ್ಲಿ ಬೂದು ಬಣ್ಣದ ಹೂಜಿಯನ್ನು ಮುಳುಗಿಸಿ ತೆಗೆದರು. ಲೋಹವೆಲ್ಲ ಕಪ್ಪಾಗಿತ್ತು, ಬೆಳ್ಳಿ ಮಾತ್ರ ಬೆಳ್ಳಗೇ ಉಳಿದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ‘ಬೆಳ್ಳಿಗೆ ಯಾಕೆ ಹತ್ತಲಿಲ್ಲ ಸರ್’ ಎಂದು ಕೇಳಿದ. ಮೂರು ವರ್ಷದಲ್ಲಿ ಅವನು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು.

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟುವ ಮೊದಲು ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ದೇಶ ಸುತ್ತಿ 1958ರಲ್ಲಿ ವರದಿ ಕೊಟ್ಟರು. ಅವರು ಎಲ್ಲಕ್ಕಿಂತ ಹೆಚ್ಚು ಮೆಚ್ಚಿ ಬರೆದದ್ದು ನಮ್ಮ ತಂಬಿಗೆಯ ಬಗ್ಗೆ. ಓಡಾಡಿ ನೋಡಿದವರಿಗೇ ಅಂಥದ್ದು ಕಣ್ಣಿಗೆ ಬೀಳುವುದು.

ಸಂಪಾದನೆಯ ಮಾತೂ ಇದೆ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅದರ ಬೈಪಾಸ್ ಚನ್ನಪಟ್ಟಣವನ್ನು ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ಹಳೇ ರಸ್ತೆಯ ಗೊಂಬೆ ಅಂಗಡಿಗಳಿಗೆ ಈಗ ದಾರಿಹೋಕರನ್ನು ನಂಬಿ ಕೂರುವ ಹಾಗಿಲ್ಲ, ಬೇಕೆಂದೇ ಬರುವವರು ಬೇಕು. ಕಾರ್ಯಾಗಾರಕ್ಕೆ ಬಂದವರು ಕೊಡುವ ಹಣ ದಲ್ಲಾಳಿಯ ಕೈ ದಾಟದೆ ಕಸುಬುದಾರನಿಗೆ ಸಿಗಬಹುದು. ಅಲ್ಲಿ ಕಡೆಯುವ ಯಂತ್ರದಲ್ಲಿ ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೇ ಬಣ್ಣ ಕರಗಿ ಹತ್ತುವುದನ್ನು ನೋಡಿದ ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಆಮೇಲೆ ಚೌಕಾಸಿ ಮಾಡಲಿಲ್ಲ. ತೊಂದರೆಗಳೂ ಇವೆ, ಬಲ್ಲೆ.

ವಿರೋಧ: ನಮ್ಮ ಮಗ್ಗ ಆಟದ ಸಾಮಾನಲ್ಲ

ನಾನು ಇಳಕಲ್ಲಿನ ನೇಕಾರರ ಮಗಳು. ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ಎಲ್ಲಿಗೂ ಹೋಗಬೇಕಾಗಿಲ್ಲ, ಅದು ನಮ್ಮ ಪಡಸಾಲೆಯಲ್ಲೇ ಇದೆ.

ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳು. ಇಳಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿಯ ಎಳೆ ಇದ್ದರೂ ಸೆರಗಿಗೆ ರೇಷ್ಮೆಯೇ. ಇವೆರಡರ ಎಳೆಗಳನ್ನು ಕುಣಿಕೆ ಹಾಕಿ ಒಂದರೊಳಗೊಂದು ಸಿಕ್ಕಿಸುವುದಕ್ಕೆ ಕೊಂಡಿ ಅಂತೀವಿ. ಆದ್ದರಿಂದ ಒಂದೊಂದು ಸೀರೆಗೂ ಹೊಸದಾಗಿ ಹಾಸು ಹೂಡಬೇಕು, ಹತ್ತಾರು ಸೀರೆಗೆ ಒಂದೇ ಸಲ ಹೂಡಿ ಕೂರಲು ಬರುವುದಿಲ್ಲ. ಅವ್ವ ನೆಲದ ಮೇಲೆ ಕೂತು ಈ ಕುಣಿಕೆಗಳನ್ನು ಹಾಕುವಾಗ ನಾವು ಮಕ್ಕಳು ಆ ಕಡೆ ಓಡಾಡುವಂತಿರಲಿಲ್ಲ.

ಆರೇಳು ವರ್ಷದ ಹಿಂದೆ ದೊಡ್ಡ ಊರಿನ ಸಂಘಟಕರೊಬ್ಬರು ಹದಿನಾಲ್ಕು ಜನರನ್ನು ನಮ್ಮ ಮನೆಗೆ ಕರೆತಂದರು. ಎಲ್ಲರೂ ಒಳ್ಳೆಯವರೇ. ಒಬ್ಬ ಹುಡುಗಿ ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಳು. ಅಡ್ಡ ನೂಲು ಒಯ್ಯುವ ಲಾಳಿ ಇನ್ನೂ ಎಳೆಗಳ ನಡುವೆ ಇರುವಾಗಲೇ ಕೆಳಗಿನ ಹಲಗೆ ತುಳಿದು, ಗಾಬರಿಯಲ್ಲಿ ನೂಲು ಬಡಿದು ಕೂರಿಸುವ ಹಣಿಗೆ ಎಳೆದುಬಿಟ್ಟಳು. ಎಳೆಗಳು ಪಟಪಟ ಹರಿದವು. ಮೂವತ್ತೊಂದು ಎಳೆ. ನಾನೇ ಎಣಿಸಿದ್ದೇನೆ, ಯಾಕೆಂದರೆ ಅವರೆಲ್ಲ ಊಟಕ್ಕೆ ಹೋದ ಮೇಲೆ ದೀಪ ಹಿಡಿದು ಅಪ್ಪನ ಪಕ್ಕ ನಿಂತವಳು ನಾನು. ಅಪ್ಪ ಒಂದೊಂದೇ ಎಳೆ ಹುಡುಕಿ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆದು ಕೂಡಿಸಿದರು. ಅವರ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು. ನಾನು ಸಿಟ್ಟು ಮಾಡಿದರೆ ‘ಇರ್ಲಿ ಬಿಡವ್ವಾ, ಬಂದೋರಿಗೆ ಏನ್ ಗೊತ್ತಿರ್ತೈತಿ’ ಅಂದರು. ಅಂದು ಸಂಜೆ ಸಂಘಟಕರು ಎಲ್ಲರಿಗೂ ಪ್ರಮಾಣಪತ್ರ ಹಂಚಿದರು. ಇಳಕಲ್ಲ ನೇಯ್ಗೆ ಕಲಿತಿದ್ದಾರೆ ಎಂದು ಅದರಲ್ಲಿ ಅಚ್ಚಾಗಿತ್ತು. ಐವತ್ತು ವರ್ಷ ಕುಣಿಯಲ್ಲಿ ಕಾಲಿಟ್ಟು ಕೂತ ನಮ್ಮಪ್ಪನ ಹತ್ತಿರ ಅಂಥ ಒಂದು ಕಾಗದ ಇಲ್ಲ.

ಹಣ ಬರುತ್ತದೆ ಎನ್ನುತ್ತಾರೆ. ಹಣ ಬರುತ್ತದೆ ಎಂದು ದೇವರ ಕೋಣೆಗೂ ಟಿಕೆಟ್ ಹಚ್ಚಿ ಬಾಗಿಲು ತೆರೆಯುವುದೇ? ಹೆದ್ದಾರಿಯ ವಿಚಾರ ಚನ್ನಪಟ್ಟಣದವರದ್ದು, ಅದನ್ನು ಅವರು ಹೇಳಲಿ. ಬಂದವರು ಚೌಕಾಸಿ ಮಾಡುವುದಿಲ್ಲ ಎಂಬ ಮಾತು ನನಗೆ ಅರ್ಥವೇ ಆಗುವುದಿಲ್ಲ. ನಮ್ಮ ಮನೆಗೆ ಬಂದ ಹದಿನಾಲ್ಕು ಜನರಲ್ಲಿ ಸೀರೆ ಕೊಂಡವರೇ ಇಬ್ಬರು. ಉಳಿದವರಿಗೆ ಮಗ್ಗದ ಮುಂದಿನ ಫೋಟೋ ಸಾಕಾಗಿತ್ತು.

ವಿನ್ಯಾಸ ಓದಿದವರಿಂದ ನಮಗೆ ಬೇಕಾದದ್ದು ಬೇರೆ. ಕೆಲವು ಬಗೆಯ ಸೀರೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲೇ ಬಂದಿದೆ. ಆದರೂ ನಮ್ಮ ಸಾಂಪ್ರದಾಯಿಕ ತೋಪ ತೆನಿ ವಿನ್ಯಾಸದ ಸೆರಗಿನ ನಕಲು ಪವರ್‌ಲೂಮಿನಿಂದ ಬಂದು ಸಂತೆಯಲ್ಲಿ ರಾಶಿ ಬಿದ್ದಿರುತ್ತದೆ. ಅಸಲಿ ಯಾವುದು, ನಕಲು ಯಾವುದು ಎಂದು ಕೊಳ್ಳುವವರಿಗೆ ತಿಳಿಸಿಕೊಡಲು ಅವರ ಓದು ಬೇಕು. ಕಚ್ಛ್‌ನಲ್ಲಿ 2005ರಲ್ಲಿ ಶುರುವಾದ ಕಲಾ ರಕ್ಷಾ ವಿದ್ಯಾಲಯದಲ್ಲಿ ವಿದ್ಯಾರ್ಥಿಗಳಾಗಿ ಕೂತವರು ಕಸುಬುದಾರರೇ, ಅವರಿಗೇ ವಿನ್ಯಾಸ ಕಲಿಸಿದರು. ಅಂಥ ಶಾಲೆ ಇಳಕಲ್ಲಿಗೆ ಬಂದರೆ ನನ್ನ ತಮ್ಮ ಇವತ್ತೇ ಹೆಸರು ಹಚ್ಚುತ್ತಾನೆ.

ಅಷ್ಟಕ್ಕೂ ನಮ್ಮ ಮನೆಯಲ್ಲೇ ಕಲಿಯಬೇಕು ಎನ್ನುವವರು ಬರಲಿ, ಬಾಗಿಲು ಹಾಕುವುದಿಲ್ಲ. ಮೊದಲ ಮೂರು ತಿಂಗಳು ಕಂಡಕಿ, ಅಂದರೆ ಲಾಳಿಗೆ ಹಾಕುವ ನೂಲಿನ ಸುರುಳಿ, ಸುತ್ತಬೇಕು. ನನಗೂ ಅಪ್ಪ ಅದನ್ನೇ ಕೊಟ್ಟಿದ್ದರು.