ಎಪ್ಪತ್ತರ ಸೋಮಾರಿಗಳನ್ನು ತಿದ್ದಿದ ಸರ್ಕಾರ

ಇಂಗ್ಲೆಂಡಿನ ಬಡವರು ದುಡಿಯದೆ ತಿನ್ನುತ್ತಿದ್ದಾರೆಂಬ ಚಿಂತೆಯಿಂದ ದುಡಿಯದೆ ತಿನ್ನುತ್ತಿದ್ದ ಗಣ್ಯರಿಗೆ ನಿದ್ದೆ ಹತ್ತದಾದಾಗ, 1834ರಲ್ಲಿ ನಿರ್ಗತಿಕರಿಗೆ ನೆರವು ಕೊಡುವ ಬಡವರ ಕಾಯ್ದೆಗೆ ತಿದ್ದುಪಡಿಯಾಯಿತು. ಹೊರಗಿನ ಕಡುಬಡ ಕೂಲಿಕಾರನ ಬಾಳಿಗಿಂತ, ನಿರ್ಗತಿಕರನ್ನು ಇರಿಸಿಕೊಂಡು ದುಡಿಸುವ ವರ್ಕ್‌ಹೌಸಿನ ಒಳಗಿನ ಬಾಳು ಒಂದು ಕೈ ಕೀಳಾಗಿರಬೇಕು, ಆಗ ಯಾರೂ ಸುಮ್ಮನೆ ವರ್ಕ್‌ಹೌಸಿನ ಬಾಗಿಲು ತಟ್ಟುವುದಿಲ್ಲ ಎಂಬುದು ಅದರ ಹಿಂದಿನ ತತ್ತ್ವ. ಮುದುಕರ ವಿಷಯದಲ್ಲಿ, ತಿದ್ದುಪಡಿಗೆ ಶಿಫಾರಸು ಮಾಡಿದ ಆಯೋಗ ನಿರ್ದಯವಾಗಿರಲಿಲ್ಲ. ಪುಂಡರ ಕಾಟವಿಲ್ಲದೆ ಅವರು ನೆಮ್ಮದಿಯಾಗಿರಲು ಬೇರೆಯೇ ಕಟ್ಟಡವಿರಲಿ ಎಂದು ವರದಿಯಲ್ಲಿ ಬರೆದಿತ್ತು. ಆದರೆ ವರ್ಗಕ್ಕೊಂದರಂತೆ ನಾಲ್ಕು ಕಟ್ಟಡಕ್ಕಿಂತ ಒಂದು ಕಟ್ಟಡ ಅಗ್ಗವೆಂಬ ಲೆಕ್ಕ ಊರೂರಿನ ಆಡಳಿತ ಮಂಡಳಿಗಳಿಗೆ ಗೊತ್ತಿತ್ತು. ಹೀಗಾಗಿ ಗಟ್ಟಿಮುಟ್ಟಾದ ಸೋಮಾರಿಯನ್ನು ಹೆದರಿಸಲು ಎಬ್ಬಿಸಿದ ಗೋಡೆಗಳ ನಡುವೆ, ಬೆನ್ನು ಬಾಗಿ ಕಣ್ಣು ಮಂಜಾದವರೂ ಸ್ವಂತ ಬಟ್ಟೆ ಬಿಚ್ಚಿಕೊಟ್ಟು ಸಮವಸ್ತ್ರ ತೊಟ್ಟರು.

ಆಡಳಿತದ ಸೂಕ್ಷ್ಮತೆ ನೋಡಬೇಕೆಂದರೆ ಊಟದ ಪಟ್ಟಿ ನೋಡಬೇಕು. ಅರವತ್ತು ದಾಟಿದವರಿಗೆ, ಹಾಗೆ ಮಾಡುವುದು ಸೂಕ್ತವೆಂದು ಕಂಡರೆ ಮಾತ್ರ, ಬೆಳಗಿನ ಗಂಜಿಗೆ ಬದಲಾಗಿ ವಾರಕ್ಕೆ ಒಂದು ಔನ್ಸ್ ಚಹಾಪುಡಿ, ಐದು ಔನ್ಸ್ ಬೆಣ್ಣೆ, ಏಳು ಔನ್ಸ್ ಸಕ್ಕರೆ ಕೊಡಬಹುದೆಂದು ಕಾಯ್ದೆಯ ಜಾರಿ ನೋಡಿಕೊಳ್ಳುತ್ತಿದ್ದ ಕಮಿಷನರರು 1835ರಲ್ಲಿ ಅಪ್ಪಣೆ ಕೊಡಿಸಿದರು. ದಿನಕ್ಕೆ ನಾಲ್ಕು ಗ್ರಾಂ ಚಹಾಪುಡಿ! ಐವತ್ತೊಂಬತ್ತರ ಮುದುಕಿಗೆ ಇದು ದಕ್ಕಿದ್ದರೆ ಅವಳ ನಡತೆ ಕೆಟ್ಟು ಸಾಮ್ರಾಜ್ಯವೇ ಅಲುಗಾಡುತ್ತಿತ್ತೇನೋ.

ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ ಎಂಬ ನಿಯಮ ಮುದಿ ದಂಪತಿಗಳನ್ನೂ ಬಿಡಲಿಲ್ಲ. ನಲವತ್ತು ವರ್ಷ ಒಂದೇ ಒಲೆಯ ಮುಂದೆ ಕೂತ ಅಜ್ಜ ಅಜ್ಜಿಯರ ನಡುವೆ ಗೋಡೆ ಎಬ್ಬಿಸಿ ಯಾವ ಜನಸಂಖ್ಯಾ ಸ್ಫೋಟವನ್ನು ತಡೆದರೋ ದೇವರಿಗೇ ಗೊತ್ತು. ಇಬ್ಬರಿಗೂ ಅರವತ್ತು ದಾಟಿದ್ದರೆ ಅವರನ್ನು ಬಲವಂತವಾಗಿ ಅಗಲಿಸಬಾರದೆಂದು 1847ರಲ್ಲಿ ಕಾನೂನು ಕರಗಿತು. ಜೋಡಿಗಳಿಗೆ ಕೋಣೆ ಕಟ್ಟಿಸುವ ಮಾತು ಬಂದಾಗ ಮಾತ್ರ ಬಹುಪಾಲು ಮಂಡಳಿಗಳ ಕಿವಿ ಮಂದವಾಯಿತು. ಇನ್ನು ತಮ್ಮ ಮನೆಯಲ್ಲೇ ಇದ್ದು ವಾರಕ್ಕಿಷ್ಟು ಚಿಲ್ಲರೆ ಪಡೆಯುತ್ತಿದ್ದ ಮುದುಕರೂ ಇದ್ದರು. 1870ರ ದಶಕದಲ್ಲಿ ಅದೂ ದುಂದುವೆಚ್ಚವಾಗಿ ಕಂಡು, ಎಷ್ಟೋ ಊರುಗಳಲ್ಲಿ ಅದಕ್ಕೂ ಕತ್ತರಿ ಬಿತ್ತು. ಊರು ಹೋಗು ಅನ್ನುತ್ತಿತ್ತು, ಕಾಡು ಬಾ ಅನ್ನುತ್ತಿತ್ತು. ಕಾಡು ತಲುಪುವ ಮೊದಲು ಕೆಲವರಿಗೆ ಇನ್ನೊಂದು ನಿಲ್ದಾಣವಿತ್ತು. ಕೇಳುವವರಿಲ್ಲದ ಹೆಣವನ್ನು ವೈದ್ಯಕೀಯ ಶಾಲೆಯ ಮೇಜಿಗೆ ಕಳಿಸಲು 1832ರ ಕಾಯ್ದೆ ಮೊದಲೇ ದಾರಿ ಮಾಡಿಟ್ಟಿತ್ತು. ಬದುಕಿದ್ದಾಗ ದುಡಿಯಲಿಲ್ಲವೆಂಬ ಬಾಕಿಯನ್ನು ಹಾಗೆ ವಸೂಲಿ ಮಾಡಬಹುದಲ್ಲ.

ಕೊನೆಗೂ ಸರ್ಕಾರದ ಮನಸ್ಸು ಮೆತ್ತಗಾಯಿತು. 1892ರಲ್ಲಿ ಕೈಲಾಗದ ಮುದುಕರಿಗೆ ತಂಬಾಕು, ನಶ್ಯ ಕೊಡಬಹುದೆಂದಾಯಿತು. ಮುದುಕಿಯರಿಗೆ ತಮ್ಮ ಚಹಾವನ್ನು ತಾವೇ ಮಾಡಿಕೊಳ್ಳುವ ಭಾಗ್ಯ ಬಂದದ್ದು ಅದೂ ಆದ ಮೇಲೆ, ಕಾಯ್ದೆ ಬಂದು ಸುಮಾರು ಅರವತ್ತು ವರ್ಷಕ್ಕೆ.

ಆಮೇಲೆ ವೃದ್ಧಾಪ್ಯ ಪಿಂಚಣಿಯೂ ಬಂತು. 1909ರ ಜನವರಿ 1ರಿಂದ ಎಪ್ಪತ್ತು ದಾಟಿದ ಬಡವರಿಗೆ ವಾರಕ್ಕೆ ಹೆಚ್ಚೆಂದರೆ ಐದು ಶಿಲಿಂಗ್. ಆದರೆ ಕೈಲಾಗುತ್ತಿದ್ದಾಗ ದುಡಿಯದೆ ಕಾಲ ಕಳೆಯುವ ಚಾಳಿಯಿದ್ದವರಿಗೆ ಅದು ಸಲ್ಲದೆಂದು ಕಾಯ್ದೆಯಲ್ಲೇ ಷರತ್ತಿತ್ತು. 1908ರ ಆರಂಭದಿಂದೀಚೆಗೆ ಬಡವರ ಕಾಯ್ದೆಯ ನೆರವು ಪಡೆದವರನ್ನೂ ಎರಡು ವರ್ಷ ಹೊರಗಿಟ್ಟರು. ತೀರಾ ಬಡವರಾಗಿ ವರ್ಕ್‌ಹೌಸಿನ ಗಂಜಿ ಕುಡಿಯುತ್ತಿದ್ದವರು ಹೀಗೆ ಬಡವರ ಪಿಂಚಣಿಗೆ ಅನರ್ಹರಾದರು.